ಅಪಾಯದ ಹೊರೆ ಹೊರುವವರಾರು? ಮೋಟಾರು ವಿಮೆಯ ಕಥೆ

ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಇಂದು ವಾಹನವಿಲ್ಲದ ಮನೆ ವಿರಳ. ಕೆಲವರಿಗೆ ಕಾರು ಅನುಕೂಲದ ವಸ್ತು. ಇನ್ನು ಕೆಲವರಿಗೆ ಟ್ಯಾಕ್ಸಿಯೋ ಸರಕಿನ ವ್ಯಾನೋ ಅನ್ನದ ದಾರಿ. ವರ್ಷಕ್ಕೊಮ್ಮೆ ವಿಮೆಯ ಕಂತು ಕಟ್ಟುವ ದಿನ ಬಂದಾಗ ಮಾತ್ರ ಎಲ್ಲರ ಹಣೆಯಲ್ಲೂ ಒಂದೇ ಗೆರೆ ಮೂಡುತ್ತದೆ. ಹಿಂದಿನ ವರ್ಷ ಅಪಘಾತವಾಗಿ ಪರಿಹಾರ ಪಡೆದವರ ಕಂತು ಏರಿರುತ್ತದೆ. ಲಾರಿ ಇಟ್ಟವರ ಕಂತಂತೂ ಕಾರಿನವರ ಕಂತಿನ ಹಲವು ಪಟ್ಟು. ‘ಅಪಾಯ ಹೆಚ್ಚು’ ಎಂಬ ಹಣೆಪಟ್ಟಿ ಬಿದ್ದವನಿಗೆ ಕೈಗೆಟಕುವ ಬೆಲೆಯಲ್ಲಿ ವಿಮೆ ಸಿಗುವುದು ಹೇಗೆ? ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ನಮ್ಮ ದೇಶ ಕಂಡುಕೊಂಡ ಉತ್ತರಗಳ ಇತಿಹಾಸವನ್ನು ನಾವೆಲ್ಲ ಅರಿತಿರುವುದು ಒಳ್ಳೆಯದು.

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬುದು ನಮ್ಮ ಗಾದೆ. ವಿಮೆಯ ತತ್ತ್ವವೂ ಇಷ್ಟೆ. ಒಬ್ಬನನ್ನು ಮುರಿದುಹಾಕಬಲ್ಲ ನಷ್ಟವನ್ನು ಸಾವಿರ ಜನ ಕಡ್ಡಿ ಕಡ್ಡಿಯಾಗಿ ಹಂಚಿಕೊಳ್ಳುವುದು. ಮದರಾಸಿಗೆ ಈ ವಿದ್ಯೆ ಬಹಳ ಹಿಂದೆಯೇ ಬಂದಿತ್ತು. 1829ರಲ್ಲಿಯೇ ಮದರಾಸ್ ಈಕ್ವಿಟಬಲ್ ಸಂಸ್ಥೆ ಈ ಪ್ರಾಂತದಲ್ಲಿ ಜೀವವಿಮೆಯ ವ್ಯವಹಾರ ಆರಂಭಿಸಿತು. ಆದರೆ ಜೀವವಿಮೆಯಾಗಲಿ, ಹಡಗಿನ ವಿಮೆಯಾಗಲಿ ಮಾಡಿಸುವವನ ಇಷ್ಟಕ್ಕೆ ಬಿಟ್ಟದ್ದು. ಮೋಟಾರು ವಾಹನ ಬಂದ ಮೇಲೆ ಬೇರೆಯದೇ ತೊಡಕು ಹುಟ್ಟಿತು. ಗಾಡಿಯವನ ತಪ್ಪಿಗೆ ಪೆಟ್ಟು ತಿನ್ನುವವನು ದಾರಿಹೋಕ. ಗಾಡಿಯವನ ಬಳಿ ಹಣವಿಲ್ಲದಿದ್ದರೆ ಸತ್ತವನ ಹೆಂಡತಿ ಮಕ್ಕಳಿಗೆ ದಿಕ್ಕು ಯಾರು?

ಇದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಲ್ಲಿಯೂ, ಬ್ರಿಟನ್ 1930ರ ಕಾಯಿದೆಯ ಮೂಲಕವೂ ಒಂದೇ ಉತ್ತರ ಕೊಟ್ಟವು: ವಾಹನ ರಸ್ತೆಗೆ ಇಳಿಯಬೇಕಾದರೆ ಪರರಿಗಾಗುವ ಹಾನಿಯ ವಿಮೆ ಕಡ್ಡಾಯ. ಕಡ್ಡಾಯವೆಂದ ಕೂಡಲೇ ಮತ್ತೊಂದು ಪ್ರಶ್ನೆ ಎದ್ದಿತು. ಅಪಘಾತ ಮಾಡಿದ ಚಾಲಕನಿಗೆ ಯಾವ ಕಂಪನಿಯೂ ವಿಮೆ ಕೊಡದಿದ್ದರೆ ಅವನೇನು ಮಾಡಬೇಕು? 1938ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯ ಒಂದು ಉಪಾಯ ಮಾಡಿತು. ಎಲ್ಲರೂ ತಿರಸ್ಕರಿಸಿದ ಚಾಲಕರನ್ನು ಕಂಪನಿಗಳಿಗೆ ಪಾಲುಪಾಲಾಗಿ ಹಂಚಿಕೊಡುವ ಏರ್ಪಾಟು ಅದು. ಯಾರಿಗೂ ಬೇಡವಾದವನು ಎಲ್ಲರ ಹೊಣೆಯಾದ.

ನಮ್ಮಲ್ಲಿ 1939ರ ಮೋಟಾರು ವಾಹನ ಕಾಯಿದೆ ಈ ಕಡ್ಡಾಯವನ್ನು ತಂದಿತು. ಆದರೆ ಕಾಯಿದೆಯ ಆ ಭಾಗ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಖಾಸಗಿ ಕಾರು ಪರರಿಗೆ ಮಾಡಿದ ದೇಹಹಾನಿಗೆ ವಿಮಾ ಕಂಪನಿ ಪೂರ್ತಿ ಹೊಣೆ. ಸರಕು ಲಾರಿಗಾದರೋ ಒಂದು ಮಿತಿ. ಮೊದಲು 20 ಸಾವಿರ ರೂಪಾಯಿಯಿದ್ದ ಈ ಮಿತಿ 1969ರ ತಿದ್ದುಪಡಿಯಿಂದ 50 ಸಾವಿರಕ್ಕೂ, 1982ರ ತಿದ್ದುಪಡಿಯಿಂದ ಒಂದೂವರೆ ಲಕ್ಷಕ್ಕೂ ಏರಿತು. ಹೆಚ್ಚು ಅಪಾಯದ ವಾಹನಕ್ಕೆ ಕಡಮೆ ರಕ್ಷಣೆ ಎಂಬ ವಿಚಿತ್ರ ಇದರಲ್ಲಿತ್ತು. ಲಾರಿಯವನ ಕಂತು ಹಗುರವಾಗಿ ಉಳಿದದ್ದು, ಲಾರಿಗೆ ಸಿಕ್ಕವನ ಪರಿಹಾರವನ್ನು ಕತ್ತರಿಸಿ!

1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣವಾಯಿತು. ದೇಶದಲ್ಲಿದ್ದ 107 ವಿಮಾ ಸಂಸ್ಥೆಗಳು ನಾಲ್ಕರಲ್ಲಿ ಸೇರಿಹೋದವು. ಆ ನಾಲ್ಕರಲ್ಲಿ ಒಂದಾದ ಯುನೈಟೆಡ್ ಇಂಡಿಯಾ ನಮ್ಮ ಮದರಾಸಿನದು. 1938ರಲ್ಲಿ ಸ್ಥಾಪನೆಯಾಗಿದ್ದ ಈ ಕಂಪನಿಯೊಳಗೆ 12 ಭಾರತೀಯ ಕಂಪನಿಗಳು, 4 ಸಹಕಾರಿ ಸಂಘಗಳು ಮತ್ತು 5 ವಿದೇಶೀ ಕಂಪನಿಗಳ ಇಲ್ಲಿನ ವ್ಯವಹಾರ ವಿಲೀನಗೊಂಡವು. ಆಗ ಎಲ್ಲ ಕಂಪನಿಗೂ ಒಂದೇ ದರಪಟ್ಟಿ. ಯಾವ ಕಛೇರಿಯ ಮೆಟ್ಟಿಲು ಹತ್ತಿದರೂ ಅದೇ ಬೆಲೆ. ಚೌಕಾಸಿಗೆ ಎಡೆಯಿರಲಿಲ್ಲ ನಿಜ. ಆದರೆ ‘ನಿನಗೆ ಇಷ್ಟು, ಅವನಿಗೆ ಅಷ್ಟು’ ಎಂದು ಕಂಪನಿಗಳು ಮನಬಂದಂತೆ ಬೆಲೆ ಕಟ್ಟುವುದಕ್ಕೂ ಎಡೆಯಿರಲಿಲ್ಲ.

ಈ ನಗರದ ಕನ್ನಡಿಗರಿಗೂ ಮೋಟಾರಿಗೂ ಇರುವ ನಂಟನ್ನು ಇಲ್ಲಿ ನೆನೆಯಬಹುದು. ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಸಂಸ್ಥೆ 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಡ್ರೈವ್-ಇನ್ ಹೋಟೆಲನ್ನು ತೆರೆಯಿತು. 2008ರಲ್ಲಿ ಅದು ಮುಚ್ಚುವವರೆಗೆ ಕಾರಿನಲ್ಲಿ ಕುಳಿತೇ ದೋಸೆ ತಿನ್ನುವ ಸೊಗಸನ್ನು ಎರಡು ತಲೆಮಾರು ಅನುಭವಿಸಿತು. ಕಾರು ಕೆಲವರ ಐಷಾರಾಮವಾಗಿದ್ದ ಕಾಲ ಕಳೆದು, ಎಲ್ಲರ ಬಳಕೆಯ ವಸ್ತುವಾದ ಕಾಲವೂ ಅದೇ.

ವಾಹನ ಹೆಚ್ಚಿದಂತೆ ಅಪಘಾತವೂ ಹೆಚ್ಚಿತು. 1988ರ ಹೊಸ ಮೋಟಾರು ವಾಹನ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದಾಗ, ಸಾವು ಮತ್ತು ದೇಹಹಾನಿಗೆ ಇದ್ದ ಮಿತಿ ಲಾರಿಗೂ ಹೋಯಿತು. ನ್ಯಾಯಮಂಡಳಿ ಎಷ್ಟು ವಿಧಿಸಿದರೆ ಅಷ್ಟನ್ನೂ ಕಂಪನಿ ಕೊಡಬೇಕು. ದಾರಿಹೋಕನಿಗೆ ಇದು ದೊಡ್ಡ ನ್ಯಾಯವೇ ಸರಿ. ಆದರೆ ಹೊಣೆಗೆ ಮಿತಿಯಿಲ್ಲ, ಕಂತಿಗೆ ಮಾತ್ರ ದರಪಟ್ಟಿಯ ಮಿತಿ; ಕಂಪನಿಗಳ ಲೆಕ್ಕ ತಾಳೆಯಾಗಲಿಲ್ಲ. 2000ದ ನಂತರ ಖಾಸಗಿ ಕಂಪನಿಗಳು ಮತ್ತೆ ಬಂದವು. ಲಾಭವಿರುವ ಕಾರಿನ ವಿಮೆಗೆ ಪೈಪೋಟಿ, ಲಾರಿಯ ಥರ್ಡ್ ಪಾರ್ಟಿ ವಿಮೆ ಎಂದರೆ ಹಿಂಜರಿಕೆ. ನಾಮಕ್ಕಲ್ಲಿನಂಥ ಲಾರಿಗಳ ಊರಿರುವ ತಮಿಳುನಾಡಿಗೆ ಇದು ಸಣ್ಣ ಸಂಗತಿಯಲ್ಲ. ಕಾನೂನು ಕಡ್ಡಾಯ ಮಾಡಿದ ವಸ್ತುವನ್ನು ಅಂಗಡಿಯವನು ಮಾರಲು ಒಲ್ಲೆನೆಂದರೆ ಕೊಳ್ಳುವವನ ಗತಿಯೇನು?

2007ರ ಜನವರಿ 1ರಿಂದ ಸ್ವಂತ ವಾಹನದ ಹಾನಿಯ ವಿಮೆಗಿದ್ದ ದರಪಟ್ಟಿಯ ಕಟ್ಟು ಸಡಿಲವಾಯಿತು. ಥರ್ಡ್ ಪಾರ್ಟಿ ದರವನ್ನು ಮಾತ್ರ ನಿಯಂತ್ರಣ ಪ್ರಾಧಿಕಾರ ತನ್ನ ಕೈಯಲ್ಲೇ ಇರಿಸಿಕೊಂಡಿತು. ಆ ವರ್ಷದ ಏಪ್ರಿಲ್ 1ರಿಂದ ಲಾರಿ, ಬಸ್ಸು, ಟ್ಯಾಕ್ಸಿಗಳಂಥ ಬಾಡಿಗೆ ವಾಹನಗಳ ಥರ್ಡ್ ಪಾರ್ಟಿ ವಿಮೆಗೆ ಎಲ್ಲ ಕಂಪನಿಗಳೂ ಸೇರಿದ ಒಂದು ಸಾಮೂಹಿಕ ನಿಧಿ ಏರ್ಪಟ್ಟಿತು. ಯಾರು ಪಾಲಿಸಿ ಬರೆದರೂ ನಷ್ಟ ಎಲ್ಲರದು. ಆದರೆ ನಷ್ಟ ಎಲ್ಲರದೆಂದಾಗ ಅದನ್ನು ತಗ್ಗಿಸುವ ಕಾಳಜಿ ಯಾರಿಗೂ ಉಳಿಯದು. ನಿಧಿಯ ಕೊರತೆ ಬೆಳೆಯುತ್ತ ಹೋಗಿ 2012ರ ಮಾರ್ಚ್ ಅಂತ್ಯಕ್ಕೆ ಅದನ್ನು ಕಳಚಬೇಕಾಯಿತು. ಬದಲಿಗೆ ಬಂದದ್ದು ‘ನಿರಾಕೃತ ಅಪಾಯಗಳ ನಿಧಿ’. ಕಂಪನಿ ತಾನು ಇಟ್ಟುಕೊಳ್ಳಲೊಲ್ಲದ ಲಾರಿಯ ಹೊಣೆಯನ್ನು ಮಾತ್ರ ಇದಕ್ಕೆ ಒಪ್ಪಿಸಬಹುದು. ತನ್ನ ಪಾಲಿನಷ್ಟು ಲಾರಿ ವಿಮೆ ಬರೆಯದ ಕಂಪನಿ ನಿಧಿಯ ನಷ್ಟ ಹೊರಬೇಕು. 2016ರಲ್ಲಿ ಇದೂ ಮುಗಿಯಿತು. ಅಷ್ಟರಲ್ಲಿ 2015ರ ತಿದ್ದುಪಡಿ, ಪ್ರತಿಯೊಂದು ಕಂಪನಿಯೂ ಇಂತಿಷ್ಟು ಥರ್ಡ್ ಪಾರ್ಟಿ ವಿಮೆ ಮಾಡಲೇಬೇಕೆಂದು ವಿಮಾ ಕಾಯಿದೆಯಲ್ಲೇ ಬರೆದಿತ್ತು. ನ್ಯೂ ಹ್ಯಾಂಪ್‌ಷೈರಿನ ತತ್ತ್ವ ಬೇರೆ ದಾರಿಯಿಂದ ನಮ್ಮಲ್ಲೂ ನೆಲೆಯಾಯಿತು.

ನ್ಯಾಯಾಲಯಗಳೂ ಇದೇ ದಿಕ್ಕಿನಲ್ಲಿ ನಡೆದವು. ಸರಿಯಾದ ಲೈಸೆನ್ಸ್ ಇಲ್ಲದವನು ಗಾಡಿ ಓಡಿಸಿದನೆಂದು ಕಂಪನಿ ಕೈತೊಳೆದುಕೊಂಡರೆ ದಾರಿಹೋಕ ಅನಾಥನಾಗುತ್ತಾನೆ. ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಇದನ್ನು ವಿವರವಾಗಿ ವಿಚಾರಿಸಿತು. ಇಂಥ ಪ್ರಸಂಗಗಳಲ್ಲಿ ಕಂಪನಿ ಮೊದಲು ನೊಂದವರಿಗೆ ಕೊಡಲಿ, ಬಳಿಕ ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ದಾರಿಯನ್ನು ಅದು ಎತ್ತಿಹಿಡಿಯಿತು. ಕೊಯಮತ್ತೂರಿನ ಮೂಳೆ ವೈದ್ಯ ಡಾ. ಎಸ್. ರಾಜಶೇಖರನ್ ಅವರು ರಸ್ತೆ ಸುರಕ್ಷತೆಗಾಗಿ ಹೂಡಿದ ಮೊಕದ್ದಮೆಯ ಫಲವಾಗಿ, 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಸ್ಕೂಟರು ಬೈಕುಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕೊಳ್ಳುವಾಗಲೇ ಕಡ್ಡಾಯವಾಯಿತು.

ಈ ಇತಿಹಾಸದಿಂದ ನಮ್ಮ ಮನೆಗಳಿಗೆ ಬರುವ ಪಾಠಗಳು ಕೆಲವಿವೆ. ಥರ್ಡ್ ಪಾರ್ಟಿ ಕಂತು ಚಾಲಕನ ಮುಖ ನೋಡಿ ನಿಂತದ್ದಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416 ರೂಪಾಯಿ ಎಂದಿತ್ತು. ಹಿಂದೆ ಅಪಘಾತ ಮಾಡಿದವನಿಗೂ, ಮಾಡದವನಿಗೂ ಅದೇ. ಹೆಚ್ಚುಕಡಮೆಯಾಗುವುದು ಸ್ವಂತ ವಾಹನದ ಹಾನಿಯ ಭಾಗದಲ್ಲಿ. ಪರಿಹಾರ ಕೇಳದ ವರ್ಷಗಳಿಗೆ ಸಿಗುವ ‘ನೋ ಕ್ಲೇಮ್ ಬೋನಸ್’ ಶೇಕಡಾ 20ರಿಂದ ಮೊದಲಾಗಿ 50ರವರೆಗೆ ಏರುತ್ತದೆ. ಒಮ್ಮೆ ಪರಿಹಾರ ಪಡೆದರೆ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಸಣ್ಣ ಗೀರಿಗೆ ಪರಿಹಾರ ಕೇಳುವ ಮುನ್ನ, ರಿಪೇರಿಯ ಖರ್ಚು ಎಷ್ಟು, ಕಳೆದುಕೊಳ್ಳುವ ಬೋನಸ್ ಎಷ್ಟು ಎಂದು ಲೆಕ್ಕ ಹಾಕುವುದು ಜಾಣತನ. ಪಾಲಿಸಿಯ ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ಬೋನಸ್ ಹೋಗುತ್ತದೆ. ಬೋನಸ್ ಮಾಲೀಕನದು, ಕಾರಿನದಲ್ಲ. ಹಳೆಯ ಕಾರು ಮಾರಿ ಹೊಸದು ಕೊಂಡವರು ಅದನ್ನು ಜೊತೆಗೆ ಒಯ್ಯಬಹುದು.

ಊರಿನಿಂದ ಗಾಡಿ ತಂದವರಿಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ ಮಾಡಿಸಿದ ವಿಮೆ ಚೆನ್ನೈಯಲ್ಲೂ ನಡೆಯುತ್ತದೆ. ಆದರೆ 2002ರ ದರಪಟ್ಟಿ ಬೆಂಗಳೂರು, ಚೆನ್ನೈ ಮೊದಲಾದ ಎಂಟು ನಗರಗಳನ್ನು ‘ಎ’ ವಲಯವೆಂದೂ, ಮೈಸೂರು ಮಂಗಳೂರುಗಳಂಥ ಉಳಿದ ಊರುಗಳನ್ನು ‘ಬಿ’ ವಲಯವೆಂದೂ ವಿಂಗಡಿಸಿತ್ತು. ಖಾಸಗಿ ಕಾರಿಗೆ ನೋಂದಣಿಯ ಊರು ನೋಡಿ ದರ. ಮಂಗಳೂರಿನ ಕಾರನ್ನು ಇಲ್ಲಿ ಮರುನೋಂದಣಿ ಮಾಡಿಸಿದಾಗ ಕಂತು ತುಸು ಏರಿದ್ದರೆ ಅದಕ್ಕೆ ಕಾರಣ ಇಂಥ ವಿಂಗಡಣೆ. 2019ರ ಸೆಪ್ಟೆಂಬರಿನಿಂದ ಸ್ವಂತ ಹಾನಿಯ ವಿಮೆಯನ್ನು ಬೇರೊಂದು ಕಂಪನಿಯಿಂದ ಪ್ರತ್ಯೇಕವಾಗಿ ಕೊಳ್ಳುವ ಅವಕಾಶ ಬಂದಿದೆ. ಕಂತು ಭಾರವೆನಿಸಿದವರು ನಾಲ್ಕು ಕಡೆ ವಿಚಾರಿಸಿ ನೋಡಬೇಕು. ನಷ್ಟದ ಮೊದಲ ಸ್ವಲ್ಪ ಭಾಗವನ್ನು ತಾವೇ ಹೊರುವುದಾಗಿ ಒಪ್ಪಿದರೂ ಕಂತು ಇಳಿಯುತ್ತದೆ. ಹಳೆಯ ಅಪಘಾತವನ್ನು ಮುಚ್ಚಿಟ್ಟು ಬೋನಸ್ ಪಡೆಯುವ ಸಲಹೆಗೆ ಮಾತ್ರ ಕಿವಿಗೊಡಬಾರದು. ಕಷ್ಟಕಾಲದಲ್ಲಿ ಅದೇ ಕುತ್ತಾಗುತ್ತದೆ.

ಎಷ್ಟೇ ತೊಂದರೆಯಿದ್ದರೂ ಥರ್ಡ್ ಪಾರ್ಟಿ ವಿಮೆಯಿಲ್ಲದೆ ಗಾಡಿ ತೆಗೆಯಬಾರದು. 2019ರ ತಿದ್ದುಪಡಿ ಮೊದಲ ತಪ್ಪಿಗೆ 2,000, ಮರುತಪ್ಪಿಗೆ 4,000 ರೂಪಾಯಿ ದಂಡ ವಿಧಿಸಿತು, ಜೈಲುವಾಸಕ್ಕೂ ಅವಕಾಶವಿಟ್ಟಿತು. ಆದರೆ ದಂಡ ದೊಡ್ಡದಲ್ಲ. ವಿಮೆಯಿಲ್ಲದ ಗಾಡಿ ಒಂದು ಜೀವ ತೆಗೆದರೆ ಪರಿಹಾರದ ಪೂರ್ತಿ ಹೊರೆ ಮಾಲೀಕನ ಮನೆಯ ಮೇಲೆ. ಅವನಿಗೆ ಶಕ್ತಿಯಿಲ್ಲದಿದ್ದರೆ ಸತ್ತವನ ಮನೆಯ ಮೇಲೆ. ಊರು ಬಿಟ್ಟು ಬಂದು ದುಡಿದು ಕಟ್ಟಿದ ಮನೆಗಳು ನಮ್ಮವು. ಇಲ್ಲಿಯ ರಸ್ತೆಯಲ್ಲಿ ನಡೆಯುವವರೂ ನಮ್ಮ ನೆರೆಯವರೇ. ಅಪಾಯದವನನ್ನು ಹೊರಗಟ್ಟದೆ ಅವನ ಹೊರೆಗೆ ಎಲ್ಲರೂ ಹೆಗಲು ಕೊಡಬೇಕೆಂದು ಈ ದೇಶ ಏಳು ದಶಕಗಳಿಗೂ ಹೆಚ್ಚು ಕಾಲ ಹೆಣಗಿದೆ. ನಮ್ಮ ಪಾಲಿನ ಹುಲ್ಲುಕಡ್ಡಿಯನ್ನು ತಪ್ಪದೆ ಹೊರುವುದು ನಮ್ಮ ಕರ್ತವ್ಯ.