ಟಿವಿಯಲ್ಲಿ ಮೂರು ನಿಮಿಷ, ಊರಲ್ಲಿ ಇಡೀ ರಾತ್ರಿ: ಡೊಳ್ಳಿನ ಎರಡು ಬದುಕು

ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ

ಇಯರ್‌ಫೋನ್ ಹಾಕ್ಕೊಂಡೀರಿ ಅಂದ್ಕೊಂಡು ಶುರು ಮಾಡ್ತೀನಿ.

ಮೊದಲು ಒಂದು ಸಣ್ಣ ಪ್ರಯೋಗ. ಯೂಟ್ಯೂಬ್‌ನಲ್ಲಿ ‘ಡೊಳ್ಳು ಕುಣಿತ’ ಅಂತ ಹುಡುಕಿ. ಮೂರು-ನಾಲ್ಕು ನಿಮಿಷದ ವಿಡಿಯೊಗಳು ಸಾಲಾಗಿ ಬರುತ್ತವೆ. ಎಲ್ಲರಿಗೂ ಒಂದೇ ಬಣ್ಣದ ಉಡುಪು, ಒಂದೇ ಹೆಜ್ಜೆ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಹತ್ತಿ ನಿಂತು ಬಾರಿಸುತ್ತಾರೆ. ಕೊನೆಗೆ ಚಪ್ಪಾಳೆ.

ಈಗ ‘ಡೊಳ್ಳಿನ ಪದ’ ಅಂತ ಹುಡುಕಿ. ಬೇರೆಯದೇ ನೋಟ. ಗಂಟೆಗಟ್ಟಲೆ ಉದ್ದದ ವಿಡಿಯೊ. ಗುಡಿ ಮುಂದೆ ಪೆಂಡಾಲು, ಧೋತರ-ಪಟಗಾದಲ್ಲಿ ನಾಲ್ಕೈದು ಜನ, ಒಂದೆರಡು ಡೊಳ್ಳು, ತಾಳ, ಒಂದು ಮೈಕು. ಕುಣಿತ ಕಡಿಮೆ, ಹಾಡು-ಮಾತು ಜಾಸ್ತಿ. ಮುಂದೆ ಕೂತ ಜನ ನಗ್ತಾರೆ, ‘ಭಲೆ’ ಅಂತಾರೆ, ನಡುವೆ ಎದ್ದು ಚಹಾ ಕುಡಿದು ಬಂದು ಮತ್ತೆ ಕೂಡ್ತಾರೆ.

ಬಾರಿಸೋದು ಎರಡೂ ಕಡೆ ಡೊಳ್ಳೇ. ಆದರೆ ನಾಡಿನ ಹೆಚ್ಚಿನವರಿಗೆ ಗೊತ್ತಿರೋದು ಮೊದಲನೆಯದು ಮಾತ್ರ. ಹಿಂಗ್ಯಾಕಾಯ್ತು? ಇವತ್ತಿನ ಸಂಚಿಕೆ ಅದರ ಬಗ್ಗೆ.

ನಾವಿರೋದು ಕಳ್ಳಕವಟಗಿ, ತಿಕೋಟಾ, ಬಬಲೇಶ್ವರ ಕಡೆ. ಈಗ ಈ ಸೀಮೆ ಅಂದ್ರೆ ದ್ರಾಕ್ಷಿ, ಒಣದ್ರಾಕ್ಷಿ. ಅದಕ್ಕೂ ಮೊದಲು ಇದು ಜೋಳ ಮತ್ತು ಕುರಿಗಳ ಸೀಮೆ. ಕುರಿ ಕಾಯುವ ಹಾಲುಮತದ ಜನರ ದೇವರು ಅಂದ್ರೆ ಬೀರಲಿಂಗ, ಮಾಳಿಂಗರಾಯ, ಅಮೋಘಸಿದ್ಧ, ರೇವಣಸಿದ್ಧ. ಅರಕೇರಿಯ ಅಮೋಘಸಿದ್ಧನ ಗುಡಿ ನಮಗೆ ಹತ್ತಿರ. ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ ಮಂಗಳವೇಢೆ ತಾಲ್ಲೂಕಿನ ಹುಲಜಂತಿ. ಅಲ್ಲಿ ದೀಪಾವಳಿಗೆ ಮಾಳಿಂಗರಾಯನ ಜಾತ್ರೆ. ಸುತ್ತಲಿನ ಊರುಗಳಿಂದ ಪಲ್ಲಕ್ಕಿಗಳು ಬಂದು ಭೇಟಿಯಾಗ್ತವೆ, ಭಂಡಾರ ಹಾರಿ ಆಕಾಶವೇ ಹಳದಿಯಾಗುತ್ತೆ, ಡೊಳ್ಳಿನ ಸದ್ದಿಗೆ ಪಕ್ಕದವರ ಮಾತೂ ಕೇಳಲ್ಲ. ಕರ್ನಾಟಕ-ಮಹಾರಾಷ್ಟ್ರ ಅನ್ನೋ ಗಡಿ ಆ ದಿನ ಲೆಕ್ಕಕ್ಕೇ ಬರಲ್ಲ.

ಡೊಳ್ಳು ಹುಟ್ಟಿದ ಕತೆ ನಿಮಗೂ ಗೊತ್ತಿರಬಹುದು. ಡೊಳ್ಳಾಸುರ ಅನ್ನೋ ರಾಕ್ಷಸ ಶಿವನನ್ನೇ ನುಂಗಿಬಿಟ್ಟ, ಶಿವ ಅವನ ಹೊಟ್ಟೆ ಸೀಳಿ ಹೊರಬಂದ, ಅವನ ಚರ್ಮದಿಂದಲೇ ಡೊಳ್ಳು ಆಯ್ತು ಅಂತ. ಅಂದರೆ ಇದು ಮೊದಲಿಂದಲೂ ದೇವರ ಮುಂದೆ ಬಾರಿಸುವ ವಾದ್ಯ. ಆದರೆ ನಮ್ಮ ಕಡೆ ದೇವರ ಮುಂದೆ ಬರೀ ಬಾರಿಸಿ ಸುಮ್ಮನಾಗಲ್ಲ, ವಾದಾನೂ ಮಾಡ್ತಾರೆ.

ಅದೇ ಹಾಡಕಿ. ಜಾತ್ರೆಗೆ ಎರಡು ಮೇಳಗಳನ್ನು ಕರೆಸ್ತಾರೆ. ಒಂದು ಹರದೇಶಿ, ಇನ್ನೊಂದು ನಾಗೇಶಿ. ಹರದೇಶಿಯವರದು ಶಿವನ ಪಕ್ಷ, ಗಂಡು ಹೆಚ್ಚು ಅನ್ನೋ ವಾದ. ನಾಗೇಶಿಯವರದು ಶಕ್ತಿಯ ಪಕ್ಷ, ಹೆಣ್ಣು ಹೆಚ್ಚು ಅನ್ನೋ ವಾದ. ಒಂದು ಮೇಳ ಪದದಲ್ಲೇ ಸವಾಲು ಹಾಕುತ್ತೆ, ಇನ್ನೊಂದು ಪದದಲ್ಲೇ ಜವಾಬು ಕೊಡಬೇಕು. ಪುರಾಣ, ಸಿದ್ಧರ ಕತೆ, ಸಂಸಾರದ ಜಗಳ, ದಾರು ಕುಡಿಯೋ ಗಂಡ, ಮಳೆ ಕೈಕೊಟ್ಟ ರೈತ, ಎಲ್ಲವೂ ಪದದೊಳಗೆ ಬರುತ್ತೆ. ಮೀಸೆ ಹೊತ್ತ ಗಂಡಸೊಬ್ಬ ರಾತ್ರಿಯಿಡೀ ನಿಂತು ಹೆಣ್ಣೇ ದೊಡ್ಡವಳು ಅಂತ ವಾದ ಮಾಡೋದನ್ನು ನೋಡಬೇಕು ನೀವು. ಎದುರಿನವರ ಪ್ರಶ್ನೆಗೆ ಉತ್ತರ ಸಿಗದೆ ತಡವರಿಸಿದರೆ ಮುಂದೆ ಕೂತ ಅಜ್ಜಂದಿರೇ ಬಿಡಲ್ಲ, ಅವರಿಗೆ ಕತೆ ಬಾಯಿಪಾಠ. ಹೀಗೆ ಬೆಳಗಿನ ಜಾವದವರೆಗೆ ನಡೆದು, ಕೊನೆಗೆ ಶಿವ-ಶಕ್ತಿ ಎರಡೂ ಒಂದೇ ಅಂತ ಮಂಗಳ ಹಾಡ್ತಾರೆ.

ಇಲ್ಲಿ ಒಂದು ಸಂಗತಿ ಗಮನಿಸಿ. ಹಾಡುವವರ ಮುಖ ಇರೋದು ಎದುರಿನ ಮೇಳದ ಕಡೆ, ಕೂತ ಜನರ ಕಡೆ. ಮುಂದಿನ ಪದ ಯಾವುದು ಅನ್ನೋದು ಮೊದಲೇ ಗೊತ್ತಿರಲ್ಲ. ಅದನ್ನ ನಿರ್ಧರಿಸೋದು ಎದುರಾಳಿಯ ಸವಾಲು.

ಈ ವಾದದ ಪದ್ಧತಿ ಡೊಳ್ಳಿಗೆ ಮಾತ್ರ ಸೇರಿದ್ದಲ್ಲ. ಗೀಗೀ ಪದ, ಲಾವಣಿಗಳಲ್ಲೂ ಹರದೇಶಿ-ನಾಗೇಶಿ ಇದೆ. ಮರಾಠಿಯವರಲ್ಲಿ ಇದೇ ವಾದಕ್ಕೆ ಕಲ್ಗಿ-ತುರಾ ಅಂತ ಹೆಸರು. 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು ಅನ್ನೋದು ನೆನಪಿದ್ದರೆ, ಹಾಡುಗಳು ಎರಡೂ ಭಾಷೆಗಳ ನಡುವೆ ಓಡಾಡಿದ್ದರಲ್ಲಿ ಆಶ್ಚರ್ಯ ಇಲ್ಲ. ನಮ್ಮದೇ ಜಿಲ್ಲೆಯ ಹಲಸಂಗಿಯಲ್ಲಿ ಖಾಜಾಭಾಯಿಯಂಥ ಲಾವಣಿಕಾರರಿದ್ದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಅನ್ನೋ ಗೆಳೆಯರು ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’ ತಂದರು. ಅವರು ಹುಡುಕಿಕೊಂಡು ಹೋಗಿದ್ದು ಹಾಡನ್ನ, ಹಾಡಿನ ಮಾತನ್ನ.

ಸ್ವಾತಂತ್ರ್ಯ ಬಂದ ಮೇಲೆ ಹುಡುಕುವ ಕಣ್ಣು ಬದಲಾಯ್ತು. 1953ರಿಂದ ದೆಹಲಿಯ ಗಣರಾಜ್ಯೋತ್ಸವದ ಜತೆ ಜಾನಪದ ನೃತ್ಯೋತ್ಸವ ಶುರುವಾಯ್ತು. ಬೇರೆ ಬೇರೆ ರಾಜ್ಯಗಳ ತಂಡಗಳು ಬರಬೇಕು, ಒಂದೊಂದಕ್ಕೆ ಕೆಲವೇ ನಿಮಿಷ, ನೋಡುವವರಿಗೆ ಭಾಷೆ ಬರಲ್ಲ. ಅಲ್ಲಿ ಕನ್ನಡದ ಸವಾಲ್-ಜವಾಬು ಹಾಡಿ ಏನು ಪ್ರಯೋಜನ? ಕಣ್ಣಿಗೆ ಕಾಣೋದು ಬೇಕು. ಡೊಳ್ಳು ಕುಣಿತ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಮುಂದೆ ಮೈಸೂರು ದಸರಾ ಮೆರವಣಿಗೆ, ಜಿಲ್ಲಾ ಉತ್ಸವಗಳು, ದೂರದರ್ಶನ, ಈಗಿನ ರಿಯಾಲಿಟಿ ಶೋ, ಎಲ್ಲ ಕಡೆ ಅದೇ ಅಳತೆ. ಕ್ಯಾಮೆರಾ ಯಾವ ಕಡೆ ಇದೆಯೋ ಮುಖ ಆ ಕಡೆ. ಹಾಡು ಮೊಟಕಾಯ್ತು, ಎಷ್ಟೋ ಕಡೆ ಬಿಟ್ಟೇಹೋಯ್ತು. ಎದುರಾಳಿ ಮೇಳ ಅಂತೂ ಇಲ್ಲವೇ ಇಲ್ಲ.

ಇದು ನಮಗೊಬ್ಬರಿಗೇ ಆಗಿದ್ದಲ್ಲ ರೀ. ಭೂಮಿಯ ಆ ಕಡೆ ಅರ್ಜೆಂಟೀನಾದ ಟ್ಯಾಂಗೊ ನೃತ್ಯಕ್ಕೂ ಇದೇ ಆಗಿದೆ. ಟ್ಯಾಂಗೊ ಅಂದ್ರೆ ನಿಮಗೆ ನೆನಪಾಗೋದು ಏನು? ಬಾಯಲ್ಲಿ ಗುಲಾಬಿ, ಗಾಳಿಯಲ್ಲಿ ಕಾಲು, ಸೀಳಿದ ಕೆಂಪು ಗೌನು. ಅದೆಲ್ಲ ಸಿನಿಮಾ-ಟಿವಿಯ ಟ್ಯಾಂಗೊ. ಬ್ಯೂನಸ್ ಐರಿಸ್‌ನ ಜನ ಸಂಜೆ ಸೇರಿ ಕುಣಿಯುವ ಕೂಟಕ್ಕೆ ಮಿಲೊಂಗಾ ಅಂತಾರೆ. ಅಲ್ಲಿ ಜೋಡಿಗಳು ಒಬ್ಬರನ್ನೊಬ್ಬರು ತಬ್ಬಿ, ಹಾಡಿಗೆ ತಕ್ಕ ಹಾಗೆ ಮೆಲ್ಲಗೆ ನಡೀತಾ ಅಂಕಣ ಸುತ್ತುತ್ತವೆ. ಬಾಯಿಪಾಠ ಮಾಡಿದ ಹೆಜ್ಜೆಗಳಿಲ್ಲ. ಕುಣಿಯೋಕೆ ಕರೆಯೋದೂ ಕಣ್ಣಲ್ಲೇ. ಕಾಲು ಮೇಲೆತ್ತಿದರೆ ಪಕ್ಕದ ಜೋಡಿಗೆ ಒದ್ದ ಹಾಗೆ! 2003ರಲ್ಲಿ ಶುರುವಾದ ಅಲ್ಲಿನ ವಿಶ್ವ ಸ್ಪರ್ಧೆಯಲ್ಲಿ ಅಂಕಣದ ಟ್ಯಾಂಗೊ, ವೇದಿಕೆಯ ಟ್ಯಾಂಗೊ ಅಂತ ಎರಡು ವಿಭಾಗ ಇವೆ. ಎರಡೂ ಬೇರೆ ಅಂತ ಅವರೇ ಒಪ್ಪಿಕೊಂಡಿದ್ದಾರೆ.

ಹಾಗಾದ್ರೆ ವೇದಿಕೆ ಕೆಟ್ಟದ್ದಾ? ಅಷ್ಟು ಸುಲಭ ಇಲ್ಲ. 1983ರಲ್ಲಿ ಪ್ಯಾರಿಸ್‌ನಲ್ಲಿ, 1985ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ನಡೆದ ‘ಟ್ಯಾಂಗೊ ಅರ್ಜೆಂಟೀನೊ’ ಅನ್ನೋ ಪ್ರದರ್ಶನ ನೋಡಿದ ಮೇಲೇ ಎಷ್ಟೋ ದೇಶಗಳ ಜನ ಟ್ಯಾಂಗೊ ಕಲಿಯೋಕೆ ಹೊರಟರು. ಮಂಕಾಗಿದ್ದ ಮಿಲೊಂಗಾಗಳಿಗೂ ಅದರಿಂದ ಜೀವ ಬಂತು.

ಡೊಳ್ಳಿಗೂ ವೇದಿಕೆಯಿಂದ ಒಳ್ಳೇದಾಗಿದೆ. ಗಂಡಸರದೇ ಅನ್ನಿಸಿದ್ದ ಡೊಳ್ಳನ್ನು ಹೆಣ್ಣುಮಕ್ಕಳು ಸೊಂಟಕ್ಕೆ ಕಟ್ಟಿಕೊಂಡು ತಮ್ಮದೇ ತಂಡ ಕಟ್ಟಿದ್ದು ಹೆಚ್ಚಾಗಿ ವೇದಿಕೆಗಾಗಿ. ಹಾಲುಮತದಾಚೆಯ ಹುಡುಗರೂ ಡೊಳ್ಳು ಹಿಡಿದರು. ಹೆಣ್ಣು ಹೆಚ್ಚು ಅಂತ ನಾಗೇಶಿ ಮೇಳ ನೂರಾರು ರಾತ್ರಿ ಹಾಡಿದರೂ ಡೊಳ್ಳು ಮಾತ್ರ ಗಂಡಸರ ಕೈಯಲ್ಲೇ ಉಳಿದಿತ್ತಲ್ಲ, ಅದನ್ನೂ ನಾವು ಮರೀಬಾರದು. ಜತೆಗೆ, ಮೆರವಣಿಗೆಗೆ ಬಾರಿಸಿದರೆ ನಾಲ್ಕು ಕಾಸು ಸಿಗುತ್ತೆ. ಹಾಡಿನ ಕಲಾವಿದನ ಮನೆಯ ಒಲೆಯೂ ಉರಿಯಬೇಕಲ್ಲ.

ತೊಂದರೆ ಇರೋದು ಎಲ್ಲಿ ಅಂದ್ರೆ, ಮೂರು ನಿಮಿಷದ್ದೇ ಪೂರ್ತಿ ಡೊಳ್ಳು ಅಂತ ನಂಬಿದಾಗ. ಹೆಜ್ಜೆಯನ್ನ ವಿಡಿಯೊ ನೋಡಿ ಕಲೀಬಹುದು. ಮಾಳಿಂಗರಾಯನ ಕತೆ ಗೊತ್ತಿದ್ದು, ಎದುರಾಳಿಯ ಸವಾಲಿಗೆ ನಿಂತಲ್ಲೇ ಪದ ಕಟ್ಟುವ ವಿದ್ಯೆ ಹಾಗೆ ಬರಲ್ಲ. ಅದಕ್ಕೆ ಹಿರಿಯರ ಹಿಂದೆ ವರ್ಷಗಟ್ಟಲೆ ಹಿಮ್ಮೇಳ ಹಾಡಬೇಕು. ಮೆರವಣಿಗೆಯಲ್ಲಿ ಕೆಲಸವಿಲ್ಲದ ಹಾಡುಗಾರ ಒಬ್ಬ ತೀರಿಕೊಂಡರೆ ಅವನ ಜತೆ ಎಷ್ಟು ಕತೆ ಹೋಯ್ತು ಅಂತ ಯಾರಿಗೂ ಲೆಕ್ಕ ಸಿಗಲ್ಲ.

ಇನ್ನೊಂದು ಸಂಗತಿ. ‘ಡೊಳ್ಳು’ ಅಂತ ಒಂದು ಕನ್ನಡ ಸಿನಿಮಾ ಬಂದಿದೆ. ಹಳ್ಳಿಯ ಡೊಳ್ಳು ತಂಡದ ಹುಡುಗರು ಒಬ್ಬೊಬ್ಬರಾಗಿ ನಗರಕ್ಕೆ ಹೋಗಿಬಿಡುವ ಕತೆ. 2022ರ ಜುಲೈನಲ್ಲಿ ಅದಕ್ಕೆ ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರೀಯ ಪ್ರಶಸ್ತಿ ಬಂತು. ಜತೆಗೆ, ಚಿತ್ರೀಕರಣದ ಜಾಗದಲ್ಲೇ ಧ್ವನಿ ದಾಖಲಿಸಿದ್ದಕ್ಕೆ ಕೊಡುವ ಪ್ರಶಸ್ತಿಯೂ ಬಂತು. ಆಗ ಆ ಚಿತ್ರದ ಸೌಂಡ್ ಡಿಸೈನರ್ರೇ, ಇದು ಸ್ಟುಡಿಯೊದಲ್ಲಿ ಡಬ್ ಮಾಡಿದ ಸಿನಿಮಾ ಅಂತ ಬಹಿರಂಗವಾಗಿ ಹೇಳಿದರು. ಜಾಗದ ಸದ್ದು ಯಾವುದು, ಆಮೇಲೆ ಕೂಡಿಸಿದ ಸದ್ದು ಯಾವುದು ಅನ್ನೋದು ಪ್ರಶಸ್ತಿ ಕೊಡುವವರಿಗೇ ಗೊತ್ತಾಗಲಿಲ್ಲ ಅಂದ್ರೆ, ನಮ್ಮ ಕಿವಿಯ ಗತಿ ಏನು ಹೇಳ್ರಿ?

ಸಮಾಧಾನದ ಮಾತು ಅಂದ್ರೆ, ಟಿವಿ ಹೊರಗಿಟ್ಟಿದ್ದನ್ನ ಮೊಬೈಲು ಒಳಗೆ ಕರ್ಕೊಂಡಿದೆ. ನಮ್ಮ ಜಿಲ್ಲೆ, ಬಾಗಲಕೋಟೆ, ಬೆಳಗಾವಿ ಕಡೆಯ ಹುಡುಗರು ಊರಿನ ಹಾಡಕಿಯನ್ನ ಶೂಟ್ ಮಾಡಿ ಹಾಕ್ತಾ ಇದ್ದಾರೆ. ಅದಕ್ಕೆ ಮೂರು ನಿಮಿಷದ ಮಿತಿ ಇಲ್ಲ. ಕಾಮೆಂಟಿನಲ್ಲೂ ವಾದ ನಡೀತಾ ಇರುತ್ತೆ, ಆ ಸವಾಲಿಗೆ ಇವರು ಕೊಟ್ಟ ಜವಾಬು ಸರಿಯೋ ತಪ್ಪೋ ಅಂತ.

ಅದಕ್ಕೇ ಒಂದು ಮಾತು. ಈ ಸಲ ನಿಮ್ಮೂರ ಜಾತ್ರೆಯಲ್ಲಿ ಹಾಡಕಿ ಇದ್ದರೆ, ರೀಲ್‌ಗೆ ಮೂವತ್ತು ಸೆಕೆಂಡ್ ಹಿಡಿದು ಮನೆಗೆ ಹೋಗಬೇಡಿ. ಹೊದ್ದುಕೊಳ್ಳೋಕೆ ಒಂದು ಕಂಬಳಿ ತಗೊಂಡು ಹೋಗಿ ಕೂಡ್ರಿ. ಹಾಡಿನಲ್ಲಿ ಯಾವ ಕತೆ ಬಂತು ಅಂತ ಅರ್ಥ ಆಗದಿದ್ದರೆ ಪಕ್ಕದ ಅಜ್ಜನನ್ನೋ ಅಮ್ಮನನ್ನೋ ಕೇಳಿ. ಆ ಉತ್ತರ ಬೇಕಿದ್ದರೆ ರೆಕಾರ್ಡ್ ಮಾಡ್ಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.