ಪ್ಲೇಟಿಗೆ ಸಿಗದ ನಗ್ಮಾ

ಜಾಝ್ ಫ್ಯೂಷನ್ನಿನ ಚರಿತ್ರೆಯನ್ನು ಯಾರೇ ಬರೆಯಲಿ, ಅದು ಕೊನೆಗೆ ಧ್ವನಿಮುದ್ರಿಕೆಗಳ ಪಟ್ಟಿಯೇ ಆಗಿಬಿಡುತ್ತದೆ. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ವಿಷಯದಲ್ಲಂತೂ ಈ ಮಾತು ಪೂರ್ತಿ ನಿಜ. 1969ರಲ್ಲಿ ‘ಎಕ್ಸ್‌ಟ್ರಾಪೊಲೇಷನ್’, ಅದೇ ವರ್ಷ ಮೈಲ್ಸ್ ಡೇವಿಸ್ ಜೊತೆ ಮುದ್ರಣ, 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾದ ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’, 1976ರಲ್ಲಿ ‘ಶಕ್ತಿ’. ಇವುಗಳ ಆಧಾರದ ಮೇಲೆ ಅವರನ್ನು ಆ ದಾರಿ ತೆರೆದವರು ಎಂದು ಕರೆಯುತ್ತಾರೆ. ಆ ಹೆಸರಿಗೆ ಅವರು ಅರ್ಹರೂ ಹೌದು. ಆದರೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಿಂತು ಈ ಪಟ್ಟಿಯನ್ನು ಓದಿದರೆ ಒಂದು ಅನುಮಾನ ಏಳುತ್ತದೆ. ಅದೇ ಊರಿನಲ್ಲಿ 1887ರಲ್ಲಿ ಹುಟ್ಟಿದ ವೀಣೆ ವೆಂಕಟಗಿರಿಯಪ್ಪನವರು ಮೆಕ್‌ಲಾಫ್ಲಿನ್ ಹುಟ್ಟುವ ಮೊದಲೇ ಬೇರೆ ಬೇರೆ ಸಂಗೀತಗಳು ಎದುರಾಗುವ ಜಾಗದಲ್ಲಿ ಕುಳಿತು ಹೊಸ ರಚನೆಗಳನ್ನು ಕಟ್ಟಿದ್ದರು. ಅವರಿಗೆ ಅಂಥ ಪಟ್ಟಿಯಿಲ್ಲ. ಯಾರು ಮೊದಲು ಎಂಬ ಪೈಪೋಟಿ ಇಲ್ಲಿ ಮುಖ್ಯವಲ್ಲ. ಮುದ್ರಣವಾಗದ ಸಂಗೀತವನ್ನು ನಾವು ಮರೆಯುತ್ತೇವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಂಥ ಸಂಗೀತವನ್ನು ತಪ್ಪಾಗಿ ಅಳೆಯುತ್ತೇವೆ ಎಂಬುದು ನನ್ನ ವಾದ.

ವೆಂಕಟಗಿರಿಯಪ್ಪನವರು ವೀಣೆ ಶೇಷಣ್ಣನವರ ಶಿಷ್ಯರು, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದ್ವಾಂಸರು. ನಾಲ್ವಡಿಯವರನ್ನು ಈ ಸೀಮೆ ದಿನವೂ ನೆನೆಯುತ್ತದೆ. ಕಾವೇರಿಯ ಪ್ರವಾಹಕ್ಕೆ ಸಿಕ್ಕ ಎಡತೊರೆಗೆ ಬದಲಾಗಿ ಎದ್ದ ಕೃಷ್ಣರಾಜನಗರ, ಜನರ ಬಾಯಲ್ಲಿ ಕೆ.ಆರ್. ನಗರ, ಅವರದೇ ಹೆಸರು ಹೊತ್ತ ಊರು. ದೊರೆಗೆ ಸಂಗೀತದಲ್ಲಿ ಮಡಿಮೈಲಿಗೆ ಇರಲಿಲ್ಲ. ದೇಶೀ ವಾದ್ಯಗಳಷ್ಟೇ ಸಲೀಸಾಗಿ ಪಾಶ್ಚಾತ್ಯ ವಾದ್ಯಗಳನ್ನೂ ಕಲಿತವರು. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಜರ್ಮನಿಯ ಆಟೋ ಸ್ಮಿತ್ ಬ್ಯಾಂಡ್ ನಡೆಸುತ್ತಿದ್ದರು. ಹಿಂದೂಸ್ತಾನಿ ಉಸ್ತಾದರು ಬಂದು ಹೋಗುತ್ತಿದ್ದರು. ಈ ಗಾಳಿಯಲ್ಲಿ, ದೊರೆಯ ಅಪೇಕ್ಷೆಯಂತೆ, ವೆಂಕಟಗಿರಿಯಪ್ಪನವರು ಕಟ್ಟಿದ್ದೇ ನಗ್ಮಾಗಳು. ಹೆಸರು ಉತ್ತರಾದಿಯದು, ವಾದ್ಯ ದಕ್ಷಿಣದ್ದು, ಸಾಹಿತ್ಯವಿಲ್ಲ, ದೇವರ ಅಂಕಿತವಿಲ್ಲ. ಕೀರ್ತನೆಯೇ ಎಲ್ಲ ಎಂದು ನಂಬಿದ್ದ ಕಾಲದಲ್ಲಿ ನಾದ ಮತ್ತು ಲಯವನ್ನೇ ನೆಚ್ಚಿದ ವಾದ್ಯಸಂಗೀತವೊಂದನ್ನು ವೀಣೆಗೆ ತರುವುದು ಸಣ್ಣ ಧೈರ್ಯವೇನಲ್ಲ.

ಈ ಧೈರ್ಯ ಪ್ಲೇಟಿಗೆ ಏಕೆ ಏರಲಿಲ್ಲ? ಮೈಸೂರಿಗೆ ಗ್ರಾಮಫೋನ್ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಈ ದೇಶದ ಮೊದಲ ರೆಕಾರ್ಡಿಂಗ್ ತಾರೆಯಾದ ಗೌಹರ್ ಜಾನ್, 1928ರಲ್ಲಿ ಇದೇ ನಾಲ್ವಡಿಯವರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಸುಮಾರು 600 ಹಾಡುಗಳನ್ನು ಮುದ್ರಿಸಿದ್ದ ಕಂಠವೂ ಅಂಗಡಿಗಳಲ್ಲಿ ಸಾಲಾಗಿ ಪ್ಲೇಟು ಕಾಣದ ವೀಣೆಯೂ ಒಬ್ಬನೇ ದೊರೆಯ ಆಸ್ಥಾನಕ್ಕೆ ಸೇರಿದವು. ಕಂಪನಿಗಳಿಗೆ ಬೇಕಿದ್ದದ್ದು ಗಿರಾಕಿ ಗುನುಗುವ ಪದ. ಮಾತಿಲ್ಲದ ನಗ್ಮಾ ಆ ವ್ಯಾಪಾರದ ಸರಕಾಗಿರಲಿಲ್ಲ. ಇನ್ನು ರೇಡಿಯೋ: 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಆರಂಭಿಸಿದರು. ಆದರೆ ಆ ಕಾಲದ ಕಛೇರಿಗಳು ನೇರ ಪ್ರಸಾರ. ನುಡಿಸಿದ ಕ್ಷಣಕ್ಕೇ ಗಾಳಿಪಾಲು.

ಹಣದ ಕೊರತೆಯೆಂದು ಹೇಳಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ನಾಲ್ವಡಿಯವರ ನಂತರ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರ ಒಡೆಯರು ಪಿಯಾನೋ ಪಂಡಿತರು. ವೆಂಕಟಗಿರಿಯಪ್ಪನವರಿಂದಲೇ ವೀಣೆ ಕಲಿತವರು. 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಎಚ್‌ಎಂವಿ ಮುದ್ರಿಸಿದ್ದು ಮೈಸೂರಿನ ದುಡ್ಡಿನಿಂದ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಹಾಡಲ್ಪಟ್ಟಾಗ 4,800 ಡಾಲರಿನ ಖಾತರಿ ಕೊಟ್ಟವರು ಇವರು. ಕಾರಣ, ಆ ಕಛೇರಿಯ ಮುದ್ರಣ ತಮ್ಮ ಸಂಗ್ರಹಕ್ಕೆ ಬೇಕಿತ್ತು. ಆ ಸಂಗ್ರಹದಲ್ಲಿ ಆಗಲೇ ಸುಮಾರು 20,000 ರೆಕಾರ್ಡುಗಳಿದ್ದವಂತೆ. ವೆಂಕಟಗಿರಿಯಪ್ಪನವರನ್ನು ಹೀಗೆ ಮುದ್ರಿಸಲಿಲ್ಲವೆಂದು ಮಹಾರಾಜರನ್ನು ದೂರುವುದು ಸುಲಭ, ಆದರೆ ಅನ್ಯಾಯ. ಮೆಟ್ನರ್ ಲಂಡನ್ನಿನಲ್ಲಿದ್ದರು, ಕೈಜಾರಿ ಹೋಗುತ್ತಿದ್ದರು. ವೆಂಕಟಗಿರಿಯಪ್ಪನವರಾದರೋ ಅರಮನೆಯ ಅಂಗಳದಲ್ಲೇ ಇದ್ದರು. ದಿನವೂ ಕಿವಿಗೆ ಬೀಳುವ ವೀಣೆಯನ್ನು ಪೆಟ್ಟಿಗೆಯೊಳಗೆ ಇಡಬೇಕೆಂದು ಯಾರಿಗೂ ತೋಚುವುದಿಲ್ಲ. ವಿದ್ವಾಂಸರು 1952ರಲ್ಲಿ ತೀರಿಕೊಂಡರು.

ಈಗ ಮೆಕ್‌ಲಾಫ್ಲಿನ್ ಕಡೆ ಬರೋಣ. ಅವರಿಗೂ ವೀಣೆಗೂ ಇರುವ ನಂಟು ಊಹೆಯಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರ ಬಳಿ ಅವರು ವೀಣೆ ಕಲಿತರು. ಅದರ ಗುರುತು ಅವರ ಗಿಟಾರಿನ ಮೈಮೇಲೇ ಇದೆ. ವೀಣೆಯ 24 ಮೆಟ್ಟಿಲುಗಳು ಮೇಣದ ದಂಡೆಯ ಮೇಲೆ ಎತ್ತರಕ್ಕೆ ಕುಳಿತಿರುತ್ತವೆ. ತಂತಿಯ ಕೆಳಗೆ ಬೆರಳಿಗೆ ಮರ ತಾಗುವುದಿಲ್ಲ. ಹಾಗಾಗಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಎರಡು ಮೂರು ಸ್ವರ ಹೊರಡಿಸಬಹುದು. ಗಮಕ ಹುಟ್ಟುವುದು ಅಲ್ಲಿ. ಗಿಟಾರಿನಲ್ಲಿ ಮರ ತಂತಿಗೆ ತೀರ ಹತ್ತಿರದಲ್ಲೇ ಇರುತ್ತದೆ. ಗಿಬ್ಸನ್ ಕಂಪನಿಯ ಕುಶಲಕರ್ಮಿ ಏಬ್ರಹಾಂ ವೆಕ್ಟರ್ ಅವರು ಮೆಕ್‌ಲಾಫ್ಲಿನ್‌ಗಾಗಿ ಕಟ್ಟಿದ ಗಿಟಾರಿನಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿದ್ದರು. ಮುಖ್ಯ ತಂತಿಗಳ ಕೆಳಗೆ ಓರೆಯಾಗಿ ಏಳು ಶ್ರುತಿತಂತಿಗಳನ್ನು ಬಿಗಿದಿದ್ದರು. ವೀಣೆಯ ಪಕ್ಕದ ಮೂರು ತಾಳದ ತಂತಿಗಳನ್ನು ಕಿರುಬೆರಳು ಮೀಟುವಂತೆ, ಇಲ್ಲೂ ಒಂದು ಆಧಾರಶ್ರುತಿ ವಾದಕನ ಕೈಯಲ್ಲೇ ಇತ್ತು.  

ಇಲ್ಲಿ ಜಾಝ್ ಬಲ್ಲವರು ಆಕ್ಷೇಪಿಸುತ್ತಾರೆ: ಎರಡು ಸಂಗೀತಗಳನ್ನು ಹತ್ತಿರ ತಂದ ಮಾತ್ರಕ್ಕೆ ಫ್ಯೂಷನ್ ಆಗದು, ಜಾಝ್ ಎಂದರೆ ಕರಿಯ ಅಮೆರಿಕನ್ನರ ಬ್ಲೂಸ್, ಅವರ ನೋವು, ಆ ಕ್ಷಣದಲ್ಲಿ ಹುಟ್ಟುವ ಕಲ್ಪನೆ, ಅರಮನೆಯ ನಗ್ಮಾ ಮೊದಲೇ ಕಟ್ಟಿಟ್ಟ ರಚನೆ, ದೊರೆಯ ವಿನೋದಕ್ಕೆ ನುಡಿಸಿದ್ದು. ಈ ಆಕ್ಷೇಪದ ಮೊದಲರ್ಧವನ್ನು ಒಪ್ಪಲೇಬೇಕು. ನಗ್ಮಾ ಜಾಝ್ ಅಲ್ಲ. ಹಾಗೆಂದು ಸಾಧಿಸಹೊರಡುವುದು ಊರಭಿಮಾನವಷ್ಟೇ. ಎಲ್. ಶಂಕರ್, ಝಾಕಿರ್ ಹುಸೇನ್, ರಾಮನಾಡ್ ರಾಘವನ್, ವಿಕ್ಕು ವಿನಾಯಕರಾಮ್ ಜೊತೆ ‘ಶಕ್ತಿ’ ತಂಡದಲ್ಲಿ ಕುಳಿತು ಮೆಕ್‌ಲಾಫ್ಲಿನ್ ಮಾಡಿದ್ದು ಬೇರೆಯೇ ಕೆಲಸ: ಅವರು ಇನ್ನೊಬ್ಬರ ರಚನೆಯನ್ನು ಎರವಲು ತರಲಿಲ್ಲ, ಇನ್ನೊಬ್ಬರ ಮನೋಧರ್ಮದೊಳಕ್ಕೆ, ಆ ಕ್ಷಣದ ಕಲ್ಪನೆಯೊಳಕ್ಕೆ, ಇಳಿದು ಅಲ್ಲಿ ತಮ್ಮ ಮಾತಾಡಿದರು. ಅರಮನೆ ಬೆರಕೆಯನ್ನು ರಚನೆಯಲ್ಲಿ ನಿಲ್ಲಿಸಿತು, ‘ಶಕ್ತಿ’ ಅದನ್ನು ಕಲ್ಪನೆಗೆ ದಾಟಿಸಿತು ಎಂಬ ವ್ಯತ್ಯಾಸ ಮೇಲುನೋಟಕ್ಕೆ ಸರಿಯಾಗಿಯೇ ಇದೆ.

ಆದರೆ ಈ ವ್ಯತ್ಯಾಸ ನಮಗೆ ಹೇಗೆ ಗೊತ್ತಾಯಿತು ಎಂದು ಕೇಳಿಕೊಳ್ಳಬೇಕು. ‘ಶಕ್ತಿ’ಯ ಮೊದಲ ಮುದ್ರಿಕೆ 1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್ ಕಾಲೇಜಿನ ಕಛೇರಿಯದು. ಅದರಲ್ಲಿರುವುದು ಮೂರೇ ಕೃತಿ. ಒಂದು 18 ನಿಮಿಷ, ಇನ್ನೊಂದು ಸುಮಾರು 29 ನಿಮಿಷ. ಲಾಂಗ್ ಪ್ಲೇ ತಟ್ಟೆ ಇಲ್ಲದಿದ್ದರೆ ಈ ಉದ್ದದ ಮನೋಧರ್ಮ ಉಳಿಯುವ ಪ್ರಶ್ನೆಯೇ ಇರಲಿಲ್ಲ. ಆ ತಟ್ಟೆ ಮಾರುಕಟ್ಟೆಗೆ ಬಂದದ್ದು 1948ರಲ್ಲಿ, ಅದೂ ಅಮೆರಿಕದಲ್ಲಿ. ವೆಂಕಟಗಿರಿಯಪ್ಪನವರ ಕಾಲದ 78ರ ವೇಗದ ಪ್ಲೇಟು ಒಂದು ಮಗ್ಗುಲಿಗೆ ಮೂರು, ನಾಲ್ಕು ನಿಮಿಷ ಓಡಿ ನಿಲ್ಲುತ್ತಿತ್ತು. ಯಾವುದಾದರೂ ಕಂಪನಿ ಅವರನ್ನು ಕೂರಿಸಿ ಮುದ್ರಿಸಿದ್ದರೂ ರಾಗವನ್ನು ಲಯದಲ್ಲಿ ಬಿಡಿಸುವ ತಾನ ಅಲ್ಲಿ ಹಿಡಿಸುತ್ತಿರಲಿಲ್ಲ. ಮೈಸೂರು ಬಾನಿಯ ಜೀವವೇ ತಾನ. ರಚನೆಗೆ ಶಿಷ್ಯರ ಬೆರಳಿದೆ, ಸ್ವರಪ್ರಸ್ತಾರದ ಕಾಗದವಿದೆ. ಅದು ಯಂತ್ರವಿಲ್ಲದೆಯೂ ಒಂದು ತಲೆಮಾರು ದಾಟುತ್ತದೆ. ಮನೋಧರ್ಮಕ್ಕೆ ಯಂತ್ರ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಆದ್ದರಿಂದ ನಮಗೆ ಉಳಿದದ್ದು ವೆಂಕಟಗಿರಿಯಪ್ಪನವರ ರಚನೆ ಮತ್ತು ಮೆಕ್‌ಲಾಫ್ಲಿನ್ ಅವರ ಕಲ್ಪನೆ. ಉಳಿದ ತುಣುಕನ್ನೇ ಇಡಿಯಾಳೆಂದು ಬಗೆದು, ಒಬ್ಬರು ಕಟ್ಟಿದವರು, ಇನ್ನೊಬ್ಬರು ಹಾರಿದವರು ಎಂದು ತೀರ್ಪು ಕೊಡುತ್ತೇವೆ. ಹತ್ತು ಬೆರಳಿಗೂ ಕಲ್ಪನೆ ತುಂಬಿದ್ದ ಶೇಷಣ್ಣನವರ ಶಿಷ್ಯ ನಗ್ಮಾ ನುಡಿಸುವಾಗ ಮಾತ್ರ ಬರೆದದ್ದನ್ನು ಮೀರದೆ ನುಡಿಸಿದರೆಂದು ನಂಬಲು ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಸಂಪ್ರದಾಯದ ಕಡೆಯವರು ಇದಕ್ಕೆ ಎದುರು ದಿಕ್ಕಿನಿಂದ ಉತ್ತರಿಸುತ್ತಾರೆ: ಗುರುವಿನ ಮನೋಧರ್ಮ ಶಿಷ್ಯನಲ್ಲಿ ಬದುಕುತ್ತದೆ, ಪ್ಲೇಟಿನ ಹಂಗೇಕೆ? ಅವರ ಬಲವಾದ ಸಾಕ್ಷಿ ವಿ. ದೊರೆಸ್ವಾಮಿ ಅಯ್ಯಂಗಾರ್. 1920ರಲ್ಲಿ ಹಾಸನ ಜಿಲ್ಲೆಯಲ್ಲಿ ಹುಟ್ಟಿ, ವೆಂಕಟಗಿರಿಯಪ್ಪನವರಲ್ಲಿ ಕಲಿತು, ಬೆಂಗಳೂರು ಆಕಾಶವಾಣಿಯಲ್ಲಿ ದುಡಿದು, ಮೈಸೂರು ಬಾನಿಯನ್ನು ಮನೆಮನೆಗೆ ಕೇಳಿಸಿದವರು. ಅವರ ಮುದ್ರಿಕೆಗಳು ಹೇರಳ. ಗುರುವಿನ ನೆರಳು ಅವುಗಳಲ್ಲಿ ಖಂಡಿತ ಇದೆ. ಆದರೆ ದೊರೆಸ್ವಾಮಿ ಅಯ್ಯಂಗಾರರು ಅಷ್ಟು ದೊಡ್ಡ ವಾದಕರಾದದ್ದೇ ಗುರುವಿನ ನಕಲಾಗದೆ ಉಳಿದದ್ದರಿಂದ. ಅವರನ್ನು ಕೇಳಿ ಗುರುವಿನ ಕಲ್ಪನೆಯನ್ನು ಊಹಿಸುವುದು ಶಿಷ್ಯನಿಗೂ ನ್ಯಾಯವಲ್ಲ. ಪರಂಪರೆ ಬಾನಿಯನ್ನು ಕಾಯುತ್ತದೆ, ಒಂದು ಸಂಜೆಯನ್ನು ಕಾಯಲಾರದು.

ಯಂತ್ರ ಎಲ್ಲಿ ಸಿಕ್ಕಿತೋ ಅಲ್ಲಿ ಹೆಸರೂ ಸಿಕ್ಕಿತು ಎಂಬುದಕ್ಕೆ ಇದೇ ಸೀಮೆಯಲ್ಲಿ ಬೇರೊಂದು ನಿದರ್ಶನವಿದೆ. ಒಂದೇ ಗಂಟಲಿನಿಂದ ಹಲವು ಸ್ವರ ಹೊರಡಿಸುವ ಟಿಬೆಟನ್ ತಾಂತ್ರಿಕ ಪಠಣ ಹೊರಜಗತ್ತಿಗೆ ಪರಿಚಯವಾದದ್ದು, 1960ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಹ್ಯೂಸ್ಟನ್ ಸ್ಮಿತ್ ಗ್ಯೂಟೊ ಮಠದ ಭಿಕ್ಷುಗಳನ್ನು ಟೇಪಿಗೆ ಹಿಡಿದ ಮೇಲೆ. ಅದರ ಸೋದರ ಮಠವಾದ ಗ್ಯೂಮೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿದೆ. ಪಿರಿಯಾಪಟ್ಟಣದ ಬೈಲಕುಪ್ಪೆಗೆ ಬರುವ ಪ್ರವಾಸಿಗರಲ್ಲಿ ಎಷ್ಟೋ ಮಂದಿ ಅತ್ತ ತಿರುಗುವುದೂ ಇಲ್ಲ. ಇನ್ನು ಅರಮನೆಯ ಬ್ಯಾಂಡು ಬಿತ್ತಿದ್ದು ಫಲ ಕೊಟ್ಟದ್ದು ಕರಾವಳಿಯಲ್ಲಿ. ಆ ಬ್ಯಾಂಡಿನ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು. 2008ರಲ್ಲಿ ಜಾಝ್ ವಾದಕ ರುದ್ರೇಶ್ ಮಹಂತಪ್ಪನವರೊಡನೆ ‘ಕಿನ್ಸ್‌ಮೆನ್’ ಮುದ್ರಿಸಿದರು. ಅದರಲ್ಲಿ ಗಿಟಾರ್ ಹಿಡಿದವರು ರೆಝ್ ಅಬ್ಬಾಸಿ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಗಾಯಕಿ ಆರ್.ಎ. ರಮಾಮಣಿ, ಜಾಝ್ ವಾದಕ ಚಾರ್ಲಿ ಮಾರಿಯಾನೊ ಜೊತೆ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗೆ ‘ಜ್ಯೋತಿ’ ಕೊಟ್ಟರು. ಕನ್ನಡ ನಾಡಿನ ಜಾಝ್ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ಮೊದಲಿಡುತ್ತಾರೆ, ಏಕೆಂದರೆ ಕೈಗೆ ತಟ್ಟೆ ಸಿಗುವುದು ಇಲ್ಲಿಂದ.

ಕೊನೆಯದಾಗಿ ಒಂದು ನ್ಯಾಯವಾದ ಪ್ರಶ್ನೆ: ಹೆಗ್ಗಡದೇವನಕೋಟೆಯ ವೀಣೆಗೂ ಸೌತಾಂಪ್ಟನ್ನಿನ ಗಿಟಾರಿಗೂ ನೇರ ಸಂಬಂಧವಿದೆಯೇ? ಇಲ್ಲ. ರಾಮನಾಥನ್ ತಮಿಳುನಾಡಿನ ಪರಂಪರೆಯವರು. ಮೆಕ್‌ಲಾಫ್ಲಿನ್ ಕಲಿತ ವೀಣೆ ಮೈಸೂರಿನದಲ್ಲ. ಮೈಸೂರು ಬಾನಿ ತಂತಿಯನ್ನು ಎಳೆಯುವುದಕ್ಕಿಂತ ಬಿಡಿ ಮೀಟಿಗೆ, ಸ್ವರದ ಸ್ಪಷ್ಟತೆಗೆ ಹೆಚ್ಚು ಒಲಿದದ್ದು. ಹಾಗೆ ನೋಡಿದರೆ ಅದು ಗಿಟಾರಿನ ಸ್ವಭಾವಕ್ಕೇ ಹತ್ತಿರ. ಅದರ ಮೀಟು ಒಗ್ಗಲು ಗಿಟಾರಿನ ಮರವನ್ನು ಅಷ್ಟು ಕೆತ್ತಬೇಕಾಗಿರಲಿಲ್ಲ. 1970ರ ದಶಕದ ಗಿಟಾರ್ ವಾದಕನೊಬ್ಬನ ಕೈಗೆ ವೆಂಕಟಗಿರಿಯಪ್ಪನವರ ಒಂದು ತಾಸಿನ ತಾನ ಟೇಪಿನಲ್ಲಿ ಸಿಕ್ಕಿದ್ದರೆ ಫ್ಯೂಷನ್ ಬೇರೆ ದಾರಿ ಹಿಡಿಯುತ್ತಿತ್ತೋ ಏನೋ ಎಂದು ಹೇಳಲು ನಾನು ಹೋಗುವುದಿಲ್ಲ. ಆದರೆ ದಾರಿ ತೆರೆದವರ ಪಟ್ಟಿಗೆ ಅವರನ್ನು ಸೇರಿಸುವಾಗ ‘ರಚನೆಕಾರ’ ಎಂಬ ಖಾನೆಯಲ್ಲಷ್ಟೇ ಕೂರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.