ಕ್ಯಾನ್ಸರ್ ಮತ್ತು 'ದುರದೃಷ್ಟ': 2015ರ ಒಂದು ವಾರ್ತೆಯ ವಿಮರ್ಶೆ

1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವವರಿಗೆ ಬರುತ್ತಿದ್ದ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ತೋರಿಸಿದನು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಇವರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪ್ರಕಟಿಸಿದರು. ಹೀಗೆ ಪರಿಸರದತ್ತ ಬೊಟ್ಟುಮಾಡುತ್ತ ಬೆಳೆದ ವಿಚಾರಕ್ಕೆ ಎದುರಾಗಿ, ರೋಗದ ಮೂರರಲ್ಲಿ ಎರಡು ಪಾಲು ಬರಿಯ ದುರದೃಷ್ಟದ ಫಲವೆಂಬ ವಾರ್ತೆ 2015ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಹಬ್ಬಿತು.

ವಾರ್ತೆಗೆ ಆಧಾರವಾದದ್ದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಟೊಮಸೆಟ್ಟಿ ಮತ್ತು ವೋಗೆಲ್‌ಸ್ಟೈನ್ ಇವರು 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನ. 31 ಬಗೆಯ ಕ್ಯಾನ್ಸರುಗಳನ್ನು ತೆಗೆದುಕೊಂಡು, ಆಯಾ ಅಂಗದ ಆಕರಕೋಶಗಳು ಜೀವಮಾನದಲ್ಲಿ ಎಷ್ಟು ಸಲ ವಿಭಜನೆಗೊಳ್ಳುತ್ತವೆಂಬುದನ್ನೂ ಅಲ್ಲಿ ರೋಗ ಬರುವ ಸಂಭವವನ್ನೂ ಅವರು ಹೋಲಿಸಿದರು. ಸಹಸಂಬಂಧ ಗುಣಾಂಕ ಸುಮಾರು 0.8, ಅದರ ವರ್ಗ ಸುಮಾರು 0.65. ಅಂಗಗಳ ನಡುವಣ ತಾರತಮ್ಯದಲ್ಲಿ ಇಷ್ಟು ಪಾಲನ್ನು ವಿಭಜನೆಯ ಸಂಖ್ಯೆ ವಿವರಿಸುತ್ತದೆಂಬುದೇ ಇದರ ಅರ್ಥ. ಪತ್ರಿಕೆಗಳು ಇದನ್ನು ರೋಗಿಗಳ ಪಾಲೆಂದು ಓದಿಕೊಂಡವು.

ಇವೆರಡೂ ಒಂದಲ್ಲ. ವಿಷವೊಂದು ಎಲ್ಲ ಅಂಗಗಳಲ್ಲಿಯೂ ರೋಗವನ್ನು ಸಮನಾಗಿ ಇಮ್ಮಡಿಗೊಳಿಸಿತೆಂದು ಕಲ್ಪಿಸೋಣ. ಆಗ ರೋಗಿಗಳಲ್ಲಿ ಅರ್ಧಪಾಲು ಆ ವಿಷಕ್ಕೆ ತುತ್ತಾದವರೇ. ಆದರೂ ಅಂಗಗಳ ನಡುವಣ ಅನುಪಾತ ಹಿಂದಿದ್ದಂತೆಯೇ ಇರುವುದರಿಂದ ಗುಣಾಂಕ ಎಳ್ಳಷ್ಟೂ ಬದಲಾಗದು!

ಪತ್ರಕರ್ತರನ್ನು ಮಾತ್ರ ದೂರುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಲೇಖನದ ಸಾರಾಂಶದಲ್ಲಿಯೇ 'ದುರದೃಷ್ಟ'ವೆಂಬ ಮಾತಿತ್ತು. ವಿಶ್ವವಿದ್ಯಾನಿಲಯದ ಪ್ರಕಟಣೆಯ ಶೀರ್ಷಿಕೆಯೂ ಅದನ್ನೇ ಮುಂದಿಟ್ಟಿತು. ಕನ್ನಡದಲ್ಲಂತೂ ಅದೃಷ್ಟವೆಂಬುದು ಪೂರ್ವಕರ್ಮದ ವಾಸನೆಯನ್ನು ಹೊತ್ತೇ ಬರುವ ಶಬ್ದ. ಇಲ್ಲಿ ವಿವಕ್ಷಿತವಾದದ್ದು ಕೋಶವಿಭಜನೆಯ ಕಾಲದಲ್ಲಿ ಡಿ.ಎನ್.ಎ.ಯ ಪ್ರತಿಯೊಳಗೆ ನುಸುಳುವ ತಪ್ಪು ಮಾತ್ರ. ಎಲೆ-ಅಡಿಕೆಯೊಡನೆ ಹೊಗೆಸೊಪ್ಪನ್ನು ಅಗಿಯುವ ನಾಡಿನಲ್ಲಿ ಈ ಶಬ್ದವನ್ನು ಹಣೆಬರಹವೆಂದು ಗ್ರಹಿಸಿದರೆ ಆಗುವ ಹಾನಿ ಸಾಮಾನ್ಯವಾದುದಲ್ಲ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ಅದೇ ತಿಂಗಳಲ್ಲಿ ಆಕ್ಷೇಪವೆತ್ತಿತು. ಅಂಕಿ-ಅಂಶಗಳು ಅಮೆರಿಕದ ಜನತೆಗೆ ಮಾತ್ರ ಸೇರಿದವು. ಜಠರ, ಗರ್ಭಕಂಠ, ಸ್ತನ ಇವುಗಳ ಕ್ಯಾನ್ಸರುಗಳು ಲೆಕ್ಕದಲ್ಲಿಯೇ ಇರಲಿಲ್ಲ. ದೇಶದಿಂದ ದೇಶಕ್ಕೆ ಬಹಳವಾಗಿ ವ್ಯತ್ಯಾಸಗೊಳ್ಳುವುವು ಇವೇ ಎಂಬುದನ್ನು ಗಮನಿಸಬೇಕು.

2017ರಲ್ಲಿ ಅದೇ ಸಂಶೋಧಕರು 69 ದೇಶಗಳ ಅಂಕಿಗಳನ್ನು ಪರಿಶೀಲಿಸಿ, ಕ್ಯಾನ್ಸರಿಗೆ ಕಾರಣವಾಗುವ ಉತ್ಪರಿವರ್ತನೆಗಳಲ್ಲಿ ಶೇಕಡ 66ರಷ್ಟು ಪ್ರತಿಯ ತಪ್ಪಿನಿಂದ ಬಂದವೆಂದು ಹೇಳಿದರು. ಆದರೆ ಉತ್ಪರಿವರ್ತನೆಯ ಪಾಲು ಬೇರೆ, ತಡೆಯಬಹುದಾದ ರೋಗದ ಪಾಲು ಬೇರೆ ಎಂಬುದನ್ನೂ ಅವರು ಈ ಸಲ ಸ್ಪಷ್ಟಪಡಿಸಿದರು. ಮೂರು ಉತ್ಪರಿವರ್ತನೆಗಳು ಕೂಡಿದಾಗಲೇ ರೋಗ ಹುಟ್ಟುವುದಾದರೆ, ಎರಡು ತಾವಾಗಿ ಒದಗಿ ಒಂದು ಹೊಗೆಯಿಂದ ಬಂದಿದ್ದರೂ, ಹೊಗೆಯಿಲ್ಲದಿದ್ದಲ್ಲಿ ಆ ರೋಗ ಹುಟ್ಟುತ್ತಿರಲಿಲ್ಲ. ತಲೆಬರಹಗಳಲ್ಲಿ ಮಾತ್ರ ಮತ್ತೆ ಎದ್ದು ಕಂಡದ್ದು ಮೂರರಲ್ಲಿ ಎರಡು ಪಾಲೇ.